ಇಟ್ಟಿಗೆ ಯಾರದು, ಖಾತೆ ಯಾರದು: ಅಲಬಾಮಾದ ಮೇಕನ್ ಕೌಂಟಿಯ ಹಳೆಯ ಕಟ್ಟಡಗಳು

(ಪಾರಂಪರಿಕ ಕಟ್ಟಡಗಳ ಕುರಿತು ನೀಡಿದ ಉಪನ್ಯಾಸವೊಂದರ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿ ಇಲ್ಲವಾದ್ದರಿಂದ ಕೆಲವೆಡೆ ವರ್ಣನೆಯನ್ನು ಸ್ವಲ್ಪ ಹಿಗ್ಗಿಸಿದ್ದೇನೆ.)

ಮಾನ್ಯರೇ,

ಅಮೆರಿಕದ ದಕ್ಷಿಣ ರಾಜ್ಯಗಳ ಹಳೆಯ ಕಟ್ಟಡ ಎಂದೊಡನೆ ನಮ್ಮಲ್ಲಿ ಬಹಳಷ್ಟು ಜನರ ಮನಸ್ಸಿಗೆ ಬರುವುದು ಹತ್ತಿ ಹೊಲಗಳ ನಡುವೆ ಎತ್ತರದ ಕಂಬಗಳನ್ನು ಹೊತ್ತು ನಿಂತ ಧಣಿಗಳ ದೊಡ್ಡ ಮನೆ. ನಾನು ಇಂದು ಮಾತನಾಡಲಿರುವ ಮೇಕನ್ ಕೌಂಟಿಯಲ್ಲಿಯೂ ಅಂಥದೊಂದು ಮನೆ ಇದೆ. ಕೌಂಟಿಯ ಮುಖ್ಯ ಪಟ್ಟಣವಾದ ಟಸ್ಕೀಗಿಯಲ್ಲಿ 1850ರ ದಶಕದಲ್ಲಿ ಎದ್ದ ಅದರ ಹೆಸರು ‘ಗ್ರೇ ಕಾಲಮ್ಸ್’. ಗುಲಾಮರ ದುಡಿಮೆಯಿಂದ ಬೆಳೆದ ಹತ್ತಿಯ ಹಣ ಆ ಸೀಮೆಯಲ್ಲಿ ಹರಿಯುತ್ತಿದ್ದ ಕಾಲದ್ದು ಅದು. ಅದೇ ಊರಿನಲ್ಲಿ ಗುಲಾಮರಾಗಿ ಹುಟ್ಟಿದವರು ಮತ್ತು ಅವರ ಮಕ್ಕಳು ಕಟ್ಟಿದ ವಿದ್ಯಾಸಂಸ್ಥೆಯ ಅಧ್ಯಕ್ಷರ ನಿವಾಸವಾಗಿ ಆ ಮನೆ ಮುಂದೆ ಬಳಕೆಗೆ ಬಂತು. ನನ್ನ ಆಸಕ್ತಿ ಇರುವುದು ಆ ಕಂಬಗಳಲ್ಲಲ್ಲ. ಈ ಕೌಂಟಿಯ ಯಾವ ಕಟ್ಟಡದ ಮುಂದೆ ನಿಂತರೂ ಅದು ಯಾವ ಶೈಲಿಯದು ಎನ್ನುವುದಕ್ಕಿಂತ ಮೊದಲು, ಇದರ ಇಟ್ಟಿಗೆಯನ್ನು ಸುಟ್ಟವರು ಯಾರು, ಇದರ ನೆಲದ ಖಾತೆ ಯಾರ ಹೆಸರಿನಲ್ಲಿತ್ತು ಎಂದು ಕೇಳಬೇಕಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೌಂಟಿ ಎಂಬುದನ್ನು ನಮ್ಮ ಜಿಲ್ಲೆ ಎಂದು ಅನುವಾದಿಸುವುದು ವಾಡಿಕೆಯಾದರೂ ಮೇಕನ್ ಕೌಂಟಿಯ ವಿಸ್ತೀರ್ಣ ಸುಮಾರು 1,600 ಚದರ ಕಿಲೋಮೀಟರ್ ಮಾತ್ರ. ಅಂದರೆ ನಮ್ಮ ದೊಡ್ಡ ತಾಲ್ಲೂಕೊಂದರಷ್ಟು. 2020ರ ಜನಗಣತಿಯಲ್ಲಿ ಅಲ್ಲಿದ್ದವರು ಇಪ್ಪತ್ತು ಸಾವಿರಕ್ಕೂ ಕಡಿಮೆ, ಅವರಲ್ಲಿ ಐದರಲ್ಲಿ ನಾಲ್ಕು ಪಾಲು ಆಫ್ರಿಕನ್-ಅಮೆರಿಕನ್ನರು. 1832ರ ಮಾರ್ಚ್‌ನಲ್ಲಿ ಆ ನೆಲದ ಮೂಲನಿವಾಸಿಗಳಾದ ಮಸ್ಕೋಗೀ ಜನರು ಒಪ್ಪಂದವೊಂದರ ಮೂಲಕ ಅಲಬಾಮಾದಲ್ಲಿ ತಮಗೆ ಉಳಿದಿದ್ದ ನೆಲವನ್ನು ಬಿಟ್ಟುಕೊಡಬೇಕಾಗಿ ಬಂದು, ಅದೇ ವರ್ಷದ ಡಿಸೆಂಬರ್‌ನಲ್ಲಿ ಈ ಕೌಂಟಿ ರಚನೆಯಾಯಿತು. ಟಸ್ಕೀಗಿ ಎಂಬ ಊರ ಹೆಸರು ಆ ಜನರ ಹಳೆಯ ಊರಿನ ಹೆಸರಿನಿಂದಲೇ ಬಂದದ್ದು. ಹೀಗೆ ನೆಲದ ಮೊದಲ ಖಾತೆ ಬದಲಾವಣೆ ನಡೆದದ್ದು ಯಾವ ಕಟ್ಟಡವೂ ಏಳುವ ಮುನ್ನ.

ಪಟ್ಟಣದ ನಡುವಿನ ಚೌಕದಿಂದ ಆರಂಭಿಸೋಣ. ಅಲ್ಲಿ ಗಡಿಯಾರದ ಗೋಪುರವುಳ್ಳ ಕೌಂಟಿ ನ್ಯಾಯಾಲಯದ ಕಟ್ಟಡವಿದೆ. ಭಾರವಾದ ಕಮಾನುಗಳ ರೋಮನೆಸ್ಕ್ ಮಾದರಿಯ ಈ ಕಟ್ಟಡ 1905-06ರಲ್ಲಿ ಎದ್ದದ್ದು. ಕಟ್ಟಡ ಚೆಲುವಾಗಿಯೇ ಇದೆ. ಆದರೆ ಚೌಕದ ಕಥೆ ಅಷ್ಟು ಚೆಲುವಾದದ್ದಲ್ಲ. ನ್ಯಾಯಾಲಯದ ಎದುರಿನ ಉದ್ಯಾನದ ಜಾಗವನ್ನು ಕೌಂಟಿ ಆಡಳಿತ 1906ರಲ್ಲಿ ‘ಯುನೈಟೆಡ್ ಡಾಟರ್ಸ್ ಆಫ್ ದ ಕಾನ್ಫೆಡರಸಿ’ ಎಂಬ ಮಹಿಳಾ ಸಂಘಕ್ಕೆ, ಬಿಳಿಯರ ಉದ್ಯಾನವಾಗಿ ಇಟ್ಟುಕೊಳ್ಳಬೇಕೆಂದು ಬರೆದುಕೊಟ್ಟಿತು. 1909ರಲ್ಲಿ ಆ ಸಂಘ ಅಲ್ಲಿ ಅಂತರ್ಯುದ್ಧದ ದಕ್ಷಿಣ ಪಕ್ಷದ ಸೈನಿಕನ ಪ್ರತಿಮೆಯೊಂದನ್ನು ನಿಲ್ಲಿಸಿತು. ಆಗಲೂ ಕೌಂಟಿಯಲ್ಲಿ ಬಹುಸಂಖ್ಯಾತರು ಕಪ್ಪು ಜನರೇ ಆಗಿದ್ದರು. ಅವರ ಹಿರಿಯರನ್ನು ಗುಲಾಮರಾಗಿಯೇ ಉಳಿಸಿಕೊಳ್ಳಲು ಹೋರಾಡಿದ ಸೈನ್ಯದ ನೆನಪು ಅವರೂರಿನ ನಟ್ಟನಡುವೆ, ಅವರಿಗೆ ಕಾಲಿಡಲು ಹಕ್ಕಿಲ್ಲದ ಜಾಗದಲ್ಲಿ ನಿಂತಿತು. ಮುಂದೆ ಪಟ್ಟಣದ ಆಡಳಿತ ಕಪ್ಪು ಜನಪ್ರತಿನಿಧಿಗಳ ಕೈಗೆ ಬಂದ ಮೇಲೂ ಪ್ರತಿಮೆಯನ್ನು ತೆಗೆಯುವುದು ಸುಲಭವಾಗಲಿಲ್ಲ, ಏಕೆಂದರೆ ಖಾತೆ ಸಂಘದ ಹೆಸರಿನಲ್ಲಿತ್ತು. ಅದರ ಜೊತೆಗೆ ಸಾರ್ವಜನಿಕ ಜಾಗದಲ್ಲಿರುವ ನಲವತ್ತು ವರ್ಷ ದಾಟಿದ ಸ್ಮಾರಕಗಳನ್ನು ಸ್ಥಳೀಯ ಆಡಳಿತಗಳು ತೆಗೆಯದಂತೆ ಅಲಬಾಮಾ ರಾಜ್ಯ 2017ರಲ್ಲಿ ಕಾನೂನನ್ನೂ ಮಾಡಿತು. ಪರಂಪರೆಯ ರಕ್ಷಣೆ ಎಂಬ ಮಾತು ಎಲ್ಲೆಡೆ ಒಂದೇ ಅರ್ಥ ಕೊಡುವುದಿಲ್ಲ ಎಂಬುದಕ್ಕೆ ಈ ಚೌಕಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಇಲ್ಲಿಂದ ಸ್ವಲ್ಪ ದೂರದಲ್ಲಿ ಬಟ್ಲರ್ ಚಾಪೆಲ್ ಎಂಬ ಚರ್ಚು ಇದೆ. 1881ರ ಜುಲೈ 4ರಂದು ಈ ಚರ್ಚಿಗೆ ಸೇರಿದ ಒಂದು ಮುರುಕು ಕೋಣೆಯಲ್ಲಿ ಮೂವತ್ತು ವಿದ್ಯಾರ್ಥಿಗಳೊಡನೆ ಶಾಲೆಯೊಂದು ಆರಂಭವಾಯಿತು. ನಾನು ಮೊದಲು ಹೇಳಿದ ಟಸ್ಕೀಗಿಯ ವಿದ್ಯಾಸಂಸ್ಥೆಯಾಗಿ ಬೆಳೆದದ್ದು ಇದೇ ಶಾಲೆ. ಹಿಂದೆ ಗುಲಾಮನಾಗಿದ್ದ, ತಗಡಿನ ಕೆಲಸ ಮಾಡುತ್ತಿದ್ದ ಲೂಯಿಸ್ ಆಡಮ್ಸ್ ಮತ್ತು ಹಿಂದೆ ಗುಲಾಮರ ಒಡೆಯನಾಗಿದ್ದ ಬ್ಯಾಂಕರ್ ಜಾರ್ಜ್ ಕ್ಯಾಂಬೆಲ್ ಇಬ್ಬರೂ ಸೇರಿ ನಡೆಸಿದ ಪ್ರಯತ್ನಕ್ಕೆ ರಾಜ್ಯ ಶಾಸನಸಭೆ ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತ್ತು. ಆದರೆ ಆ ಹಣ ಶಿಕ್ಷಕರ ಸಂಬಳಕ್ಕೆ ಮಾತ್ರ. ನೆಲಕ್ಕೂ ಕಟ್ಟಡಕ್ಕೂ ಒಂದು ಕಾಸೂ ಇರಲಿಲ್ಲ. ಶಾಲೆ ನಡೆಸಲು ಬಂದ ಬುಕರ್ ಟಿ. ವಾಷಿಂಗ್ಟನ್ನನಿಗೆ ಆಗ ಇಪ್ಪತ್ತೈದರ ಪ್ರಾಯ, ಅವನೂ ಗುಲಾಮನಾಗಿ ಹುಟ್ಟಿದವನೇ. ಸಾಲ ಮಾಡಿ ಮುಂಗಡ ಕೊಟ್ಟು, 500 ಡಾಲರಿಗೆ ನೂರು ಎಕರೆಯ ಪಾಳುಬಿದ್ದ ಹತ್ತಿ ತೋಟವೊಂದನ್ನು ಅವನು ಕೊಂಡ. ಅಲ್ಲಿದ್ದ ಧಣಿಯ ದೊಡ್ಡ ಮನೆ ಅದಾಗಲೇ ಸುಟ್ಟುಹೋಗಿತ್ತು. ಉಳಿದಿದ್ದವು ಒಂದು ಗುಡಿಸಲು, ಹಳೆಯ ಅಡುಗೆಮನೆ, ಕುದುರೆ ಲಾಯ ಮತ್ತು ಕೋಳಿಗೂಡು. ಲಾಯವನ್ನೂ ಕೋಳಿಗೂಡನ್ನೂ ಗುಡಿಸಿ ತೊಳೆದು ತರಗತಿ ನಡೆಸಿದರು. ಕಂಬಗಳ ಮನೆಗಳ ಬಗ್ಗೆ ಇಷ್ಟೊಂದು ಮಾತಾಡುವ ನಾವು, ಈ ಸೀಮೆಯ ಬಹುಮುಖ್ಯ ಪಾರಂಪರಿಕ ತಾಣ ಒಂದು ಕೋಳಿಗೂಡಿನಿಂದ ಹೊರಟಿತು ಎಂಬುದನ್ನು ನೆನಪಿಡುವುದು ಒಳ್ಳೆಯದು.

ಇಟ್ಟಿಗೆಯ ಕಥೆ ಶುರುವಾಗುವುದು ಇಲ್ಲಿಂದ. ಊರಿನಲ್ಲಿ ಇಟ್ಟಿಗೆ ಮಾಡುವವರಿರಲಿಲ್ಲ, ಕೊಳ್ಳಲು ಹಣವಿರಲಿಲ್ಲ, ಆದರೆ ನೆಲದಲ್ಲಿ ಜೇಡಿಮಣ್ಣು ಇತ್ತು. ವಿದ್ಯಾರ್ಥಿಗಳು ಮೊಣಕಾಲುದ್ದ ಕೆಸರಿನಲ್ಲಿ ಗಂಟೆಗಟ್ಟಲೆ ನಿಂತು ಮಣ್ಣು ತುಳಿದರು. ಓದಲು ಬಂದವರಿಗೆ ಈ ಕೆಲಸ ಹಿಡಿಸಲಿಲ್ಲ, ಕೆಲವರು ಶಾಲೆ ಬಿಟ್ಟೂ ಹೋದರು. ಮೊದಲ ಗೂಡಿಗೆ ಇಪ್ಪತ್ತೈದು ಸಾವಿರ ಇಟ್ಟಿಗೆ ಜೋಡಿಸಿ ಬೆಂಕಿ ಹಾಕಿದಾಗ ಅದು ಸರಿಯಾಗಿ ಬೇಯಲಿಲ್ಲ. ಎರಡನೆಯದೂ ಕೆಟ್ಟಿತು. ಮೂರನೆಯ ಗೂಡು ಇನ್ನೇನು ಹದಕ್ಕೆ ಬಂತು ಎನ್ನುವಾಗ ನಡುರಾತ್ರಿಯಲ್ಲಿ ಕುಸಿದುಬಿತ್ತು. ಇಟ್ಟಿಗೆ ಗೂಡನ್ನು ಹತ್ತಿರದಿಂದ ಕಂಡವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಹಸಿ ಇಟ್ಟಿಗೆಗಳ ನಡುವೆ ಗಾಳಿಗೆ ಬಿಡುವ ಸಂದು, ಸೌದೆಯ ಅಳತೆ, ದಿನಗಟ್ಟಲೆ ಒಂದೇ ಸಮನೆ ಕಾಯಬೇಕಾದ ಉರಿ, ಇವು ಯಾವುವೂ ಪುಸ್ತಕದಿಂದ ಬರುವ ವಿದ್ಯೆಯಲ್ಲ. ನಾಲ್ಕನೆಯ ಗೂಡಿಗೆ ಹಣವಿಲ್ಲದಾಗ ವಾಷಿಂಗ್ಟನ್ ತನ್ನ ಜೇಬಿನ ಗಡಿಯಾರವನ್ನು ಮಾಂಟ್ಗಮರಿ ನಗರದ ಗಿರವಿ ಅಂಗಡಿಯಲ್ಲಿ ಹದಿನೈದು ಡಾಲರಿಗೆ ಇಟ್ಟ. ನಾಲ್ಕನೆಯ ಗೂಡು ಬೆಂದಿತು. ಅಷ್ಟರಲ್ಲಿ ಗಡಿಯಾರ ಬಿಡಿಸಿಕೊಳ್ಳುವ ಗಡುವು ಮುಗಿದಿತ್ತು, ಅದನ್ನು ತಾನು ಮತ್ತೆ ಕಾಣಲಿಲ್ಲವೆಂದು ಅವನೇ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಅದೇ ಆತ್ಮಕಥೆಯಲ್ಲಿ ಅವನು ಕೊಡುವ ಲೆಕ್ಕಗಳು ಬೆರಗು ಹುಟ್ಟಿಸುತ್ತವೆ. ಶತಮಾನದ ಕೊನೆಯ ಹೊತ್ತಿಗೆ ವಿದ್ಯಾರ್ಥಿಗಳು ಒಂದು ಹಂಗಾಮಿನಲ್ಲಿ ಹನ್ನೆರಡು ಲಕ್ಷ ಒಳ್ಳೆಯ ಇಟ್ಟಿಗೆಗಳನ್ನು ಮಾಡುತ್ತಿದ್ದರು. ಆವರಣದಲ್ಲಿದ್ದ ಸಣ್ಣ ದೊಡ್ಡ ನಲವತ್ತು ಕಟ್ಟಡಗಳಲ್ಲಿ ನಾಲ್ಕನ್ನು ಬಿಟ್ಟು ಉಳಿದವೆಲ್ಲ ಬಹುಪಾಲು ವಿದ್ಯಾರ್ಥಿಗಳ ದುಡಿಮೆಯವು. ಶಾಲೆಗೆ ಕಾಲಿಡಲು ಮನಸ್ಸಿಲ್ಲದ ಬಿಳಿಯರೂ ಇಟ್ಟಿಗೆ ಕೊಳ್ಳಲು ಬರತೊಡಗಿದರು. ವಾಷಿಂಗ್ಟನ್ನನ ರಾಜಕೀಯ ನಿಲುವುಗಳ ಬಗ್ಗೆ, ವಿಶೇಷವಾಗಿ ಬಿಳಿಯರೊಡನೆ ಹೊಂದಿಕೊಂಡು ಹೋಗಬೇಕೆಂಬ ಅವನ ಬೋಧನೆಯ ಬಗ್ಗೆ, ಅವನ ಕಾಲದಲ್ಲೇ ತೀವ್ರ ಆಕ್ಷೇಪಗಳಿದ್ದವು, ಅವು ನ್ಯಾಯವೂ ಆಗಿದ್ದವೆಂದು ನನಗನಿಸುತ್ತದೆ. ಇಟ್ಟಿಗೆಯ ವಿಚಾರದಲ್ಲಿ ಮಾತ್ರ ಅವನ ಲೆಕ್ಕಾಚಾರ ತಪ್ಪಿರಲಿಲ್ಲ.

ಈ ಇಟ್ಟಿಗೆಗೆ ರೂಪ ಕೊಟ್ಟವನು ರಾಬರ್ಟ್ ರಾಬಿನ್ಸನ್ ಟೇಲರ್. ಗುಲಾಮಗಿರಿಯಿಂದ ಬಿಡುಗಡೆ ಪಡೆದ ಬಡಗಿಯೊಬ್ಬನ ಮಗನಾದ ಟೇಲರ್ 1892ರಲ್ಲಿ ಮೆಸಾಚುಸೆಟ್ಸ್ ಇನ್ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಿಂದ ವಾಸ್ತುಶಿಲ್ಪದಲ್ಲಿ ಪದವಿ ಪಡೆದ. ಆ ಸಂಸ್ಥೆಯಲ್ಲಿ ಪದವಿ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಅವನೇ. ಓದು ಮುಗಿಸಿ ಟಸ್ಕೀಗಿಗೆ ಬಂದು ಅಲ್ಲಿನ ಗ್ರಂಥಾಲಯ, ವಿದ್ಯಾರ್ಥಿನಿಲಯ, ಭೋಜನಶಾಲೆಗಳ ಸಾಲನ್ನೇ ವಿನ್ಯಾಸ ಮಾಡಿದ. 1899ರಲ್ಲಿ ಮುಗಿದ ‘ದಿ ಓಕ್ಸ್’ ಎಂಬ ವಾಷಿಂಗ್ಟನ್ನನ ಮನೆಯೂ ಅವನದೇ. ವಿದ್ಯಾರ್ಥಿಗಳು ಸುಟ್ಟ ಇಟ್ಟಿಗೆಯ, ವಿದ್ಯಾರ್ಥಿಗಳೇ ಕಟ್ಟಿದ ಈ ಎರಡಂತಸ್ತಿನ ಮನೆ ರಸ್ತೆಯಿಂದ ನೋಡಿದರೆ ಊರಿನ ಯಾವ ಶ್ರೀಮಂತ ಬಿಳಿಯನ ಮನೆಗೂ ಕಡಿಮೆಯಿಲ್ಲ. ಬಂದ ದಾನಿಗಳಿಗೂ ಊರವರಿಗೂ ಅದು ಕಾಣಬೇಕೆಂದೇ ಹಾಗೆ ಕಟ್ಟಿದ್ದು ಎಂದರೆ ತಪ್ಪಾಗಲಾರದು. 1915ರ ನವೆಂಬರ್ 14ರಂದು ವಾಷಿಂಗ್ಟನ್ ತೀರಿಕೊಂಡದ್ದು ಟಸ್ಕೀಗಿಯಲ್ಲಿಯೇ. ‘ದಿ ಓಕ್ಸ್’ ಈಗ ರಾಷ್ಟ್ರೀಯ ಉದ್ಯಾನ ಸೇವೆಯ ವಶದಲ್ಲಿದೆ. ಅದಕ್ಕೆ ಸೇರಿದ ಇನ್ನೊಂದು ಕಟ್ಟಡ ವಿಜ್ಞಾನಿ ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರ ವಸ್ತುಸಂಗ್ರಹಾಲಯ. ಅದು ಮೊದಲು ಶಾಲೆಯ ಬಟ್ಟೆ ಒಗೆಯುವ ಮನೆಯಾಗಿತ್ತು.

ಟೇಲರ್ ವಿನ್ಯಾಸ ಮಾಡಿದವುಗಳಲ್ಲಿ ಅವನಿಗೆ ಅತ್ಯಂತ ಹೆಸರು ತಂದದ್ದು 1898ರ ಪ್ರಾರ್ಥನಾಮಂದಿರ. ನಿವೃತ್ತನಾಗಿ ಬೇರೆ ಊರಿನಲ್ಲಿ ನೆಲೆಸಿದ್ದ ಟೇಲರ್ 1942ರಲ್ಲಿ ಟಸ್ಕೀಗಿಗೆ ಬಂದಾಗ ಇದೇ ಮಂದಿರದಲ್ಲಿ ಪ್ರಾರ್ಥನೆಯ ನಡುವೆ ಕುಸಿದು ಪ್ರಾಣ ಬಿಟ್ಟ. ಹದಿನಾಲ್ಕು ವರ್ಷ ಕಳೆದು, 1957ರ ಜನವರಿಯಲ್ಲಿ ಮಂದಿರವೇ ಬೆಂಕಿಗೆ ಆಹುತಿಯಾಯಿತು. ಹೊಸ ಮಂದಿರವನ್ನು ಪಾಲ್ ರುಡಾಲ್ಫ್ ಎಂಬ ಹೆಸರಾಂತ ವಾಸ್ತುಶಿಲ್ಪಿ, ಟಸ್ಕೀಗಿಯೊಡನೆ ನಂಟಿದ್ದ ಲೂಯಿಸ್ ಫ್ರೈ ಮತ್ತು ಜಾನ್ ವೆಲ್ಚ್ ಅವರೊಡನೆ ಸೇರಿ ರೂಪಿಸಿದರು. ಅದು ಮುಗಿದದ್ದು 1969ರಲ್ಲಿ. ಓರೆಯಾಗಿ ಬಾಗಿ ಏಳುವ ಗೋಡೆಗಳು, ಸೂರಿನ ಅಂಚಿನಿಂದ ಒಳಗೆ ಸೋರುವ ಬೆಳಕು, ಎಲ್ಲವೂ ಆಧುನಿಕ. ಮೊದಲು ಕಾಂಕ್ರೀಟಿನಲ್ಲಿ ಯೋಚಿಸಿದ್ದ ಈ ಕಟ್ಟಡ ಕೊನೆಗೆ ಕೆಂಪು ಇಟ್ಟಿಗೆಯ ಮೈ ಪಡೆಯಿತು. ಹಳೆಯ ಮಂದಿರದಲ್ಲಿ ಗುಲಾಮರ ಭಕ್ತಿಗೀತೆಗಳನ್ನು ಚಿತ್ರಿಸಿದ್ದ, ‘ಹಾಡುವ ಕಿಟಕಿಗಳು’ ಎಂದು ಹೆಸರಾದ ಬಣ್ಣದ ಗಾಜುಗಳನ್ನು ಹೊಸದರಲ್ಲಿ ಮರಳಿ ಮಾಡಿಸಿ ಕೂರಿಸಿದರು. ಸುಟ್ಟುಹೋದದ್ದನ್ನು ಹಾಗೆಯೇ ನಕಲು ಮಾಡಿ ಕಟ್ಟುವುದು ಸಂರಕ್ಷಣೆಯೇ ಎಂಬ ಪ್ರಶ್ನೆ ನಮ್ಮಲ್ಲೂ ಆಗಾಗ ಏಳುತ್ತದೆ. ಟಸ್ಕೀಗಿಯವರು ಕಟ್ಟಡವನ್ನು ನಕಲು ಮಾಡದೆ ಹಾಡನ್ನು ಉಳಿಸಿಕೊಂಡದ್ದು ನನಗೆ ಸರಿ ಎನಿಸುತ್ತದೆ. ಬೆಂಕಿಯ ಮಾತು ಬಂದದ್ದರಿಂದ ಹೇಳುತ್ತೇನೆ: 1947ರ ಬೆಂಕಿಯಲ್ಲಿ ಕಾರ್ವರ್ ಬಿಡಿಸಿದ್ದ ಅನೇಕ ಚಿತ್ರಗಳು, 1989ರ ಬೆಂಕಿಯಲ್ಲಿ, ಮುಂದೆ ಹೇಳಲಿರುವ ವಿಮಾನ ನಿಲ್ದಾಣದ ಎರಡನೆಯ ಹ್ಯಾಂಗರ್, ಅಂದರೆ ವಿಮಾನಗಳನ್ನು ನಿಲ್ಲಿಸುವ ಕಟ್ಟಡ, ಹೋದವು. ಕೆಡವುವವರಿಗಿಂತ ಹೆಚ್ಚು ಹಾನಿ ಮಾಡಿದ್ದು ಈ ಆವರಣಗಳಲ್ಲಿ ಬೆಂಕಿಯೇ.

ಪಟ್ಟಣ ಬಿಟ್ಟು ಹಳ್ಳಿಗಳ ಕಡೆ ಹೋದರೆ ಇಟ್ಟಿಗೆ ಮುಗಿದು ಮರದ ಹಲಗೆಯ ಕಟ್ಟಡಗಳು ಬರುತ್ತವೆ. ಸಿಯರ್ಸ್ ರೋಬಕ್ ಕಂಪನಿಯ ಅಧ್ಯಕ್ಷ ಜೂಲಿಯಸ್ ರೋಸೆನ್‌ವಾಲ್ಡ್ 1912ರಲ್ಲಿ ತನ್ನ ಐವತ್ತನೆಯ ಹುಟ್ಟುಹಬ್ಬದಂದು ಟಸ್ಕೀಗಿಯ ವಿದ್ಯಾಸಂಸ್ಥೆಗೆ 25,000 ಡಾಲರ್ ಕೊಟ್ಟ. ಅದರಲ್ಲಿ ಉಳಿದ 2,800 ಡಾಲರನ್ನು ಹಳ್ಳಿಗಾಡಿನ ಕಪ್ಪು ಮಕ್ಕಳ ಶಾಲೆಗಳಿಗೆ ಬಳಸಬಹುದೇ ಎಂದು ವಾಷಿಂಗ್ಟನ್ ಕೇಳಿದ್ದರಿಂದ ಅಲಬಾಮಾದಲ್ಲಿ ಆರು ಸಣ್ಣ ಶಾಲೆಗಳು ಎದ್ದವು. 1932ರ ಹೊತ್ತಿಗೆ ಈ ಆರು, ಹದಿನೈದು ರಾಜ್ಯಗಳಲ್ಲಿ 4,977 ಶಾಲೆಗಳಾಗಿ ಬೆಳೆದಿದ್ದವು. ಮೇಕನ್ ಕೌಂಟಿಯ ನೊಟಸಲ್ಗಾ ಹತ್ತಿರ ಶೈಲೋ ಎಂಬಲ್ಲಿ ಅಂಥ ಒಂದು ಶಾಲೆ ಇನ್ನೂ ನಿಂತಿದೆ. ಪಕ್ಕದಲ್ಲಿ ಬ್ಯಾಪ್ಟಿಸ್ಟ್ ಚರ್ಚು, ಹತ್ತಿರದಲ್ಲೇ ಸ್ಮಶಾನ.

ಈ ಶಾಲೆಗಳ ವಿನ್ಯಾಸವನ್ನು ಸ್ವಲ್ಪ ಗಮನಿಸಿ ನೋಡಬೇಕು. ಆ ಹಳ್ಳಿಗಳಿಗೆ ವಿದ್ಯುತ್ ಇರಲಿಲ್ಲವಾದ್ದರಿಂದ ಇಡೀ ಕಟ್ಟಡವೇ ಬೆಳಕನ್ನು ಹಿಡಿಯುವ ಉಪಾಯವಾಗಿತ್ತು. ಸಾಲಾಗಿ ಒತ್ತಿಕೊಂಡಿರುವ ಎತ್ತರದ ಕಿಟಕಿಗಳು ಪೂರ್ವಕ್ಕೋ ಪಶ್ಚಿಮಕ್ಕೋ ತೆರೆಯುವಂತೆ ಕಟ್ಟಡವನ್ನು ಕೂರಿಸಬೇಕು, ಬರೆಯುವ ಕೈಯ ನೆರಳು ಕಾಗದದ ಮೇಲೆ ಬೀಳದಂತೆ ಮಕ್ಕಳ ಎಡಗಡೆಯಿಂದ ಬೆಳಕು ಬರುವಂತೆ ಬೆಂಚುಗಳನ್ನು ಹಾಕಬೇಕು, ಎರಡು ಕೋಣೆಗಳ ನಡುವಿನ ಅಡ್ಡಗೋಡೆಯನ್ನು ಸರಿಸಿದರೆ ಊರವರೆಲ್ಲ ಸೇರುವ ಸಭಾಂಗಣವಾಗಬೇಕು ಎಂದು ನಕ್ಷೆಗಳಲ್ಲಿ ನಿಗದಿ ಮಾಡಿದ್ದರು. ಮೊದಲ ನಕ್ಷೆಗಳು ಬಂದದ್ದು ಟಸ್ಕೀಗಿಯಿಂದ, ಟೇಲರ್ ಮತ್ತು ಅವನ ಸಹೋದ್ಯೋಗಿಗಳ ಕೈಯಿಂದ. ಹೊರಗಿನಿಂದ ನೋಡಿದರೆ ಸಾದಾ ಹಲಗೆ ಮನೆ. ಅದಕ್ಕೇ ಎಷ್ಟೋ ಕಡೆ ಜನ ಅದನ್ನು ಹುಲ್ಲು ತುಂಬುವ ಕೊಟ್ಟಿಗೆಯೆಂದು ತಿಳಿದು ಬೀಳಲು ಬಿಟ್ಟರು. ಉಳಿದಿರುವುದು ಹತ್ತರಲ್ಲಿ ಒಂದರ ಆಸುಪಾಸು ಮಾತ್ರ ಎಂಬ ಅಂದಾಜಿದೆ. 2002ರಲ್ಲಿ ಇವುಗಳನ್ನು ಅಮೆರಿಕದ ಅತ್ಯಂತ ಅಪಾಯದಲ್ಲಿರುವ ಹನ್ನೊಂದು ಪಾರಂಪರಿಕ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಶೈಲೋ ಚರ್ಚು ಮತ್ತು ಶಾಲೆ 2010ರಲ್ಲಿ ಐತಿಹಾಸಿಕ ತಾಣಗಳ ರಾಷ್ಟ್ರೀಯ ನೋಂದಣಿಗೆ ಸೇರಿದವು. ಆ ನೋಂದಣಿ ಗೌರವವೇ ಹೊರತು ಕಾವಲಲ್ಲ. ನೋಂದಾಯಿತ ಕಟ್ಟಡವನ್ನು ಖಾಸಗಿ ಮಾಲೀಕನೊಬ್ಬ ತನ್ನ ಹಣದಲ್ಲಿ ಕೆಡವಲು ಹೊರಟರೆ ಅದೊಂದರಿಂದ ತಡೆಯಲಾಗುವುದಿಲ್ಲ.

ಇವುಗಳನ್ನು ರೋಸೆನ್‌ವಾಲ್ಡ್ ಶಾಲೆಗಳೆಂದು ಕರೆಯುವ ವಾಡಿಕೆಗೆ ನನ್ನದೊಂದು ತಕರಾರಿದೆ. ಒಟ್ಟು ವೆಚ್ಚವಾದ 2 ಕೋಟಿ 84 ಲಕ್ಷ ಡಾಲರಿನಲ್ಲಿ ರೋಸೆನ್‌ವಾಲ್ಡ್ ನಿಧಿ ಕೊಟ್ಟದ್ದು ಸುಮಾರು 43 ಲಕ್ಷ. ಕಪ್ಪು ಜನರು, ಅಂದರೆ ಬಹುಪಾಲು ಬೇರೆಯವರ ಹೊಲವನ್ನು ಕೋರಿಗೆ ಮಾಡುತ್ತಿದ್ದ ಬಡ ರೈತರು, ತಾವೇ ಕೂಡಿಸಿ ಕೊಟ್ಟದ್ದು ಸುಮಾರು 47 ಲಕ್ಷ. ಇದಲ್ಲದೆ ಎಲ್ಲರಂತೆ ತೆರಿಗೆಯನ್ನೂ ಕಟ್ಟಿದ್ದರು, ಆ ತೆರಿಗೆಯ ದೊಡ್ಡ ಪಾಲು ಬಿಳಿಯ ಮಕ್ಕಳ ಶಾಲೆಗಳಿಗೆ ಹೋಗುತ್ತಿತ್ತು. ಒಂದೇ ಶಾಲೆಗೆ ಎರಡು ಬಾರಿ ಹಣ ಕೊಟ್ಟು, ಮರ ಕಡಿದು ಹಲಗೆ ಹೊತ್ತು ತಂದವರಿಗೆ ಕೊನೆಗೆ ಖಾತೆಯೂ ದಕ್ಕಲಿಲ್ಲ. ನೆಲವನ್ನೂ ಕಟ್ಟಡವನ್ನೂ ಬಿಳಿಯರೇ ನಡೆಸುತ್ತಿದ್ದ ಸಾರ್ವಜನಿಕ ಶಾಲಾ ಮಂಡಳಿಗೆ ಬರೆದುಕೊಡಬೇಕೆಂಬುದು ನಿಧಿಯ ನಿಯಮವಾಗಿತ್ತು. ಸರ್ಕಾರ ತನ್ನ ಹೊಣೆಯಿಂದ ನುಣುಚಿಕೊಳ್ಳಬಾರದು ಎಂಬ ಉದ್ದೇಶ ಅದರ ಹಿಂದಿತ್ತು ಎಂಬುದನ್ನೂ ಹೇಳಬೇಕು.

ಶೈಲೋದ ಸ್ಮಶಾನದ ಬಗ್ಗೆ ಹೇಳದೆ ಮುಂದೆ ಹೋಗಲಾಗದು. 1932ರಿಂದ 1972ರವರೆಗೆ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆ ಮೇಕನ್ ಕೌಂಟಿಯ ಸುಮಾರು 600 ಕಪ್ಪು ಗಂಡಸರ ಮೇಲೆ ಅಧ್ಯಯನ ನಡೆಸಿತು. ಅವರಲ್ಲಿ 399 ಮಂದಿಗೆ ಸಿಫಿಲಿಸ್ ರೋಗವಿತ್ತು. ನಿಮಗೆ ‘ಕೆಟ್ಟ ರಕ್ತ’ ಎಂದು ಹೇಳಿ, ಪೆನಿಸಿಲಿನ್ ಎಲ್ಲೆಡೆ ಬಳಕೆಗೆ ಬಂದ ಮೇಲೂ ಚಿಕಿತ್ಸೆ ಕೊಡದೆ, ಶವಪರೀಕ್ಷೆಗೆ ಒಪ್ಪಿದರೆ ಅಂತ್ಯಕ್ರಿಯೆಯ ಖರ್ಚು ಕೊಡುವುದಾಗಿ ಹೇಳಿ, ರೋಗ ಹೇಗೆ ಕೊಲ್ಲುತ್ತದೆಂದು ನೋಡುತ್ತ ಕುಳಿತರು. ಜನರನ್ನು ಸೇರಿಸಿದ್ದು ಹಳ್ಳಿಗಳ ಚರ್ಚುಗಳಲ್ಲಿ, ಶಾಲೆಗಳಲ್ಲಿ, ಏಕೆಂದರೆ ಜನ ನಂಬಿಕೆಯಿಂದ ಬರುತ್ತಿದ್ದ ಜಾಗಗಳು ಅವೇ. ಆ ಅಧ್ಯಯನಕ್ಕೆ ಒಳಗಾದ ಕೆಲವರ ಸಮಾಧಿಗಳು ಶೈಲೋದಲ್ಲಿವೆ. ಅವರನ್ನು ಪರೀಕ್ಷಿಸುತ್ತಿದ್ದ, ಟಸ್ಕೀಗಿಯ ವಿದ್ಯಾಸಂಸ್ಥೆಗೆ ಸೇರಿದ ಜಾನ್ ಎ. ಆಂಡ್ರ್ಯೂ ಆಸ್ಪತ್ರೆ 1987ರಲ್ಲಿ ಮುಚ್ಚಿತು. ಈಗ ಅಲ್ಲಿ ವೈದ್ಯಕೀಯ ನೀತಿಯ ಅಧ್ಯಯನ ಕೇಂದ್ರವಿದೆ. 1997ರ ಮೇ ತಿಂಗಳಿನಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆಗ ಬದುಕಿದ್ದವರು ಬೆರಳೆಣಿಕೆಯಷ್ಟು ಮಂದಿ.

ಪ್ರವಾಸಿಗರು ಹೆಚ್ಚಾಗಿ ಬರುವುದು ಮೋಟನ್ ಫೀಲ್ಡ್ ಎಂಬ ಸಣ್ಣ ವಿಮಾನ ನಿಲ್ದಾಣಕ್ಕೆ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಮೊದಲ ಕಪ್ಪು ಯುದ್ಧವಿಮಾನ ಚಾಲಕರು ಮೊದಲ ಹಂತದ ತರಬೇತಿ ಪಡೆದದ್ದು ಇಲ್ಲಿ. ಇದಕ್ಕೂ ರೋಸೆನ್‌ವಾಲ್ಡ್ ನಿಧಿ 1,75,000 ಡಾಲರ್ ಸಾಲ ಕೊಟ್ಟಿತ್ತು. ಕಟ್ಟುವ ಕೆಲಸದಲ್ಲಿ ಟಸ್ಕೀಗಿಯ ಕುಶಲಕರ್ಮಿಗಳೂ ವಿದ್ಯಾರ್ಥಿಗಳೂ ಕೈ ಹಾಕಿದರು. 1998ರಲ್ಲಿ ರಾಷ್ಟ್ರೀಯ ಐತಿಹಾಸಿಕ ತಾಣವಾಗಿ, 2008ರಲ್ಲಿ ಮೊದಲ ಹ್ಯಾಂಗರ್ ಸಾರ್ವಜನಿಕರಿಗೆ ತೆರೆಯಿತು. ಇದರ ಕಥೆ ಚೆನ್ನಾಗಿ ಪ್ರಚಾರವಾಗಿರುವುದರಿಂದ ನಾನು ಹೆಚ್ಚು ಬೆಳೆಸುವುದಿಲ್ಲ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು, ಇಷ್ಟರಲ್ಲಿ ಒಂದನ್ನು ಮಾತ್ರ ನೋಡಲು ಸಮಯವಿದ್ದರೆ ಯಾವುದನ್ನು ನೋಡಬೇಕು ಎಂದು ಕೇಳಿದರು. ನಾನು ಹೇಳಿದ ಉತ್ತರವನ್ನು ಇಲ್ಲಿ ಸೇರಿಸುತ್ತೇನೆ. ನೋಡಬೇಕಾದದ್ದು ಒಂದು ಗೆರೆ, ಅದು ಈಗ ಇಲ್ಲ. 1957ರವರೆಗೆ ಟಸ್ಕೀಗಿ ಪಟ್ಟಣದ ಗಡಿ ಒಂದು ಸರಳವಾದ ಚೌಕವಾಗಿತ್ತು. ಓದಿದ ಕಪ್ಪು ಜನರು ಮತದಾರರ ಪಟ್ಟಿಯಲ್ಲಿ ಹೆಚ್ಚುತ್ತಿರುವುದನ್ನು ಕಂಡು, ಪ್ರಾರ್ಥನಾಮಂದಿರ ಸುಟ್ಟ ಅದೇ ವರ್ಷ ರಾಜ್ಯ ಶಾಸನಸಭೆ ಆ ಚೌಕವನ್ನು 28 ಬದಿಗಳ ವಕ್ರ ಆಕೃತಿಯಾಗಿ ಕತ್ತರಿಸಿತು. ಸುಮಾರು 400 ಕಪ್ಪು ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರೆಲ್ಲ ಪಟ್ಟಣದ ಹೊರಗಾದರು. ಬಿಳಿಯ ಮತದಾರ ಒಬ್ಬನೂ ಹೊರಗಾಗಲಿಲ್ಲ. ವಿದ್ಯಾಸಂಸ್ಥೆಯ ಇಡೀ ಆವರಣ, ‘ದಿ ಓಕ್ಸ್’, ಗ್ರಂಥಾಲಯ, ಸುಟ್ಟ ಮಂದಿರದ ಬುನಾದಿ ಎಲ್ಲವೂ ಇದ್ದಲ್ಲೇ ಇದ್ದವು, ಊರು ಮಾತ್ರ ಅವುಗಳಿಂದ ಆಚೆ ಸರಿಯಿತು. ಆ ಜೂನ್ 25ರಂದು ಜನರು ಬಟ್ಲರ್ ಚಾಪೆಲ್ಲಿನಲ್ಲಿ ಸೇರಿದರು. ಎಪ್ಪತ್ತಾರು ವರ್ಷಗಳ ಹಿಂದೆ ಮೂವತ್ತು ಮಕ್ಕಳೊಡನೆ ಶಾಲೆ ಆರಂಭವಾದದ್ದು ಆ ಚರ್ಚಿನ ಆಶ್ರಯದಲ್ಲಿಯೇ. ಒಳಗೆ ಜಾಗ ಸಾಲದೆ ಹೊರಗೂ ಜನ ನಿಂತರು. ನಮ್ಮನ್ನು ಹೊರಗಿಟ್ಟವರ ಅಂಗಡಿಗಳಲ್ಲಿ ಇನ್ನು ವ್ಯಾಪಾರ ಮಾಡುವುದಿಲ್ಲವೆಂದು ಅಂದು ತೀರ್ಮಾನವಾಯಿತು. ಸಂಸ್ಥೆಯ ಸಮಾಜಶಾಸ್ತ್ರದ ಅಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಹೂಡಿದ ದಾವೆ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1960ರ ನವೆಂಬರ್ 14ರಂದು ನ್ಯಾಯಾಲಯ ಇಂಥ ಗೆರೆಯನ್ನು ಸಂವಿಧಾನ ಒಪ್ಪದೆಂದು ತೀರ್ಪು ಕೊಟ್ಟಿತು. ಮರುವರ್ಷ ಹಳೆಯ ಚೌಕದ ಗಡಿ ಮರಳಿ ಬಂತು, ವಿದ್ಯಾರ್ಥಿಗಳು ಸುಟ್ಟ ಇಟ್ಟಿಗೆಯ ಕಟ್ಟಡಗಳೆಲ್ಲ ಮತ್ತೆ ಟಸ್ಕೀಗಿಯೊಳಗೆ ಬಂದವು.